ಪಕ್ಕದಲ್ಲಿ ಕರೆದ್ರೂ ಕೇಳ್ಸಲ್ಲ, ದೂರದಲ್ಲಿ ಹೆಸರೆತ್ತಿದ್ರೆ ಕೇಳ್ಸುತ್ತೆ, ಇದ್ಯಾವ ಥರ ಗಮನ?

ಪ್ರಶ್ನೆ: ಸರ್, ನಾನು ಅಕೌಂಟ್ಸ್ ಕೆಲಸದಲ್ಲಿರೋನು, ವಯಸ್ಸು 36. ಎಕ್ಸೆಲ್ ಶೀಟ್ ಮುಂದೆ ಕೂತಿದ್ರೆ ಹೆಂಡತಿ ಪಕ್ಕದಲ್ಲೇ ನಿಂತು ಕರೆದ್ರೂ ನಂಗೆ ಗೊತ್ತಾಗಲ್ಲ, ಬೇಕಂತಲೇ ಮಾಡ್ತೀನಿ ಅಂತ ಜಗಳ. ಆದ್ರೆ ಆಫೀಸಲ್ಲಿ ನಾಲ್ಕು ಟೇಬಲ್ ಆಚೆ ಯಾರೋ ನನ್ನ ಹೆಸರೆತ್ತಿದ್ರೆ ಥಟ್ ಅಂತ ಕೇಳ್ಸುತ್ತೆ. ಮೀಟಿಂಗಲ್ಲಿ ಸ್ವಲ್ಪ ಹೊತ್ತಿಗೇ ತಲೆ ಎಲ್ಲೋ ಹೋಗಿರುತ್ತೆ. ಮೊನ್ನೆ ಒಂದು ಅಷ್ಟಾವಧಾನ ನೋಡಿದೆ, ಒಬ್ಬ ಮನುಷ್ಯ ಎಂಟು ಜನಕ್ಕೆ ಒಟ್ಟಿಗೆ ಗಮನ ಕೊಡೋಕಾಗುತ್ತಾ, ಅವರ ಮೆದುಳೇ ಬೇರೆ ಥರ ಇರುತ್ತಾ? ಗಮನ ಅನ್ನೋದು ಮೆದುಳಲ್ಲಿ ಎಲ್ಲಿದೆ? ನನ್ನದು ಮೊಬೈಲಿಂದ ಕೆಟ್ಟೋಗಿದೆಯಾ?

ಉತ್ತರ: ಮೊದಲು ಮನೆ ಜಗಳದ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಅದ್ರಲ್ಲೇ ಅರ್ಧ ಉತ್ತರ ಇದೆ. ನೀವು ಬೇಕಂತ ಮಾಡ್ತಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ನಿಲ್ಲಿ ಲೇವಿ ಅನ್ನೋರು ಮತ್ತೆ ಅವರ ಜೊತೆಯವರು ಇದನ್ನೇ ಪರೀಕ್ಷೆ ಮಾಡಿದ್ರು. ಸ್ಕ್ರೀನ್ ಮೇಲೆ ಒಂದು ಪ್ಲಸ್ ಗುರುತು ಬಂದು ಹೋಗುತ್ತೆ, ಕೆಲವರಿಗೆ ಅದರ ಬಣ್ಣ ಹೇಳೋ ಸುಲಭದ ಕೆಲಸ, ಇನ್ನು ಕೆಲವರಿಗೆ ಅದರ ಎರಡು ಗೆರೆಗಳಲ್ಲಿ ಯಾವ್ದು ಕೂದಲೆಳೆಯಷ್ಟು ಉದ್ದ ಅಂತ ಹೇಳೋ ಕಷ್ಟದ ಕೆಲಸ. ಮಧ್ಯೆ ಹೆಡ್‌ಫೋನಲ್ಲಿ ಒಂದು ಸದ್ದು. ಕಷ್ಟದ ಕೆಲಸ ಮಾಡ್ತಿದ್ದವರಲ್ಲಿ ಬಹಳ ಜನ ಸದ್ದೇ ಕೇಳಿಲ್ಲ ಅಂದ್ರು. ಸರಿ, ಕೇಳಿ ಮರೆತಿರ್ಬಹುದು ಅಂತ ಯಾರಾದ್ರೂ ವಾದ ಮಾಡ್ಬಹುದಲ್ಲ, ಅದಕ್ಕೆ 2015ರಲ್ಲಿ ಮೆದುಳಿನ ಕಾಂತೀಯ ಸಿಗ್ನಲ್ ಅಳೆಯೋ ಮಶೀನಿನಲ್ಲಿ ಕೂರಿಸಿ ನೋಡಿದ್ರು, ಕಣ್ಣಿಗೆ ಕೆಲಸ ಜಾಸ್ತಿ ಆದಾಗ ಸದ್ದಿಗೆ ಮೆದುಳಿನ ಶ್ರವಣ ಭಾಗ ಕೊಡೋ ಪ್ರತಿಕ್ರಿಯೆಯೇ ಕಮ್ಮಿ ಆಗಿತ್ತು. ಕಿವಿ ಕೆಲಸ ಮಾಡ್ತಿದೆ, ಸದ್ದು ಒಳಗೂ ಬಂದಿದೆ, ಆದ್ರೆ ಅಲ್ಲಿ ಅದಕ್ಕೆ ಬೆಲೆ ಸಿಕ್ಕಿಲ್ಲ. ಇದನ್ನ ತೋರಿಸಿ ಮನೇಲಿ ಬಚಾವಾಗ್ಬಹುದು ಅಂತ ಮಾತ್ರ ಅಂದ್ಕೋಬೇಡಿ, ನನ್ನ ಮನೇಲಿ ಅದು ನಡೆದಿಲ್ಲ.

ನಾವು ಗಮನ ಅಂದ್ರೆ ಒಂದು ವಿಷ್ಯನ ಗಟ್ಟಿಯಾಗಿ ಹಿಡ್ಕೊಳ್ಳೋದು ಅಂತ ತಿಳ್ಕೊಂಡಿರ್ತೀವಿ. ಮೆದುಳಿನ ಲೆಕ್ಕದಲ್ಲಿ ಅದರ ದೊಡ್ಡ ಪಾಲು ಬೇಡದ್ದನ್ನ ಬಿಡೋ ಕೆಲಸ, ಮತ್ತೆ ಆ ಬಿಡೋ ಕೆಲಸ ಚೆನ್ನಾಗಿ ನಡೆದಾಗ ನಮಗೆ ಬಿಟ್ಟಿದ್ದೀವಿ ಅಂತಾನೂ ಗೊತ್ತಾಗಲ್ಲ, ಅದೇ ತಮಾಷೆ.

ಈಗ ಹೆಸರಿನ ವಿಷ್ಯ. 1953ರಲ್ಲಿ ಕಾಲಿನ್ ಚೆರಿ ಅನ್ನೋ ಬ್ರಿಟಿಷ್ ವಿಜ್ಞಾನಿ ಒಂದು ಸರಳವಾದ ಪ್ರಯೋಗ ಮಾಡಿದ. ಎರಡು ಕಿವಿಗೆ ಎರಡು ಬೇರೆ ಬೇರೆ ಮಾತು ಬಿಡೋದು, ಒಂದು ಕಿವೀಲಿ ಬರ್ತಿರೋದನ್ನ ಕೇಳ್ತಾ ಕೇಳ್ತಾ ಹಾಗೇ ಬಾಯಲ್ಲಿ ಹೇಳ್ತಾ ಹೋಗ್ಬೇಕು. ಆಮೇಲೆ ಇನ್ನೊಂದು ಕಿವೀಲಿ ಏನಿತ್ತು ಅಂತ ಕೇಳಿದ್ರೆ ಜನಕ್ಕೆ ಏನೂ ಗೊತ್ತಿಲ್ಲ. ಗಂಡಸಿನ ದನಿ ಹೋಗಿ ಹೆಂಗಸಿನ ದನಿ ಬಂದಿದ್ದು ಗೊತ್ತಾಗಿದೆ, ಇಂಗ್ಲಿಷ್ ಹೋಗಿ ಜರ್ಮನ್ ಆಗಿದ್ದು ಗೊತ್ತಾಗಿಲ್ಲ! ಇದನ್ನ ಇಟ್ಕೊಂಡು ಕೇಂಬ್ರಿಡ್ಜಿನ ಡೊನಾಲ್ಡ್ ಬ್ರಾಡ್‌ಬೆಂಟ್ 1958ರಲ್ಲಿ, ಮೆದುಳಲ್ಲಿ ಶುರುವಿನಲ್ಲೇ ಒಂದು ಫಿಲ್ಟರ್ ಇದೆ, ದನಿ, ದಿಕ್ಕು ಇಂಥಾ ಮೇಲ್ಮೇಲಿನ ಗುಣ ನೋಡಿ ಅಲ್ಲೇ ಸೋಸಿಬಿಡುತ್ತೆ, ಅರ್ಥದ ತನಕ ಹೋಗೋದು ಒಂದೇ ಅಂದ. ಮುಂದಿನ ವರ್ಷವೇ ನೆವಿಲ್ ಮೋರೆ ಅನ್ನೋರು ಆ ಗಮನ ಕೊಡದ ಕಿವಿಗೆ ಆ ವ್ಯಕ್ತಿಯ ಹೆಸರನ್ನೇ ಸೇರಿಸಿಬಿಟ್ರು, ಸುಮಾರು ಮೂರರಲ್ಲಿ ಒಬ್ಬರಿಗೆ ಕೇಳಿಸ್ತು. ಬ್ರಾಡ್‌ಬೆಂಟ್ ಹೇಳಿದಂಗೆ ಪೂರ್ತಿ ಬಾಗಿಲು ಹಾಕಿದ್ರೆ ಇದು ಆಗ್ಬಾರ್ದಿತ್ತು. ಆನ್ ಟ್ರೀಸ್ಮನ್ ಇದನ್ನ ಸರಿ ಮಾಡಿದ್ರು: ಬೇಡದ ಮಾತಿನ ಬಲ ತಗ್ಗುತ್ತೆ ಅಷ್ಟೇ, ಪೂರ್ತಿ ನಿಲ್ಲಲ್ಲ, ಸ್ವಂತ ಹೆಸರು, ಬೆಂಕಿ ಅನ್ನೋ ಕೂಗು ಇಂಥವಕ್ಕೆ ಮೆದುಳು ಮೊದಲೇ ಅರ್ಧ ತಯಾರಾಗಿರೋದ್ರಿಂದ ಆ ಸಣ್ಣ ಬಲವೂ ಸಾಕಾಗುತ್ತೆ.

ಹೆಸರು ಕೇಳ್ಸುತ್ತೆ ಅನ್ನೋದನ್ನ ಶಕ್ತಿ ಅಂತ ತಿಳ್ಕೊಳ್ಳೋ ಮುಂಚೆ ಇನ್ನೊಂದು ಕೇಳಿ. 2001ರಲ್ಲಿ ಅದೇ ಪ್ರಯೋಗನ ಕೆಲಸದ ನೆನಪು, ಅಂದ್ರೆ ತಲೇಲಿ ಕೆಲವು ವಿಷ್ಯ ಇಟ್ಕೊಂಡೇ ಇನ್ನೊಂದು ಲೆಕ್ಕ ಮಾಡೋ ಸಾಮರ್ಥ್ಯ, ಜಾಸ್ತಿ ಇರೋರು ಮತ್ತೆ ಕಮ್ಮಿ ಇರೋರು ಅಂತ ಬೇರೆ ಮಾಡಿ ನಡೆಸಿದ್ರು. ಕಮ್ಮಿ ಇರೋರಲ್ಲಿ 65% ಜನಕ್ಕೆ ಹೆಸರು ಕೇಳಿಸ್ತು, ಜಾಸ್ತಿ ಇರೋರಲ್ಲಿ ಬರೀ 20%. ಅಂದ್ರೆ ಹೆಸರು ಕೇಳ್ಸಿದೆ ಅಂದ್ರೆ ಆ ಕ್ಷಣ ಮುಂದಿದ್ದ ಕೆಲಸದ ಮೇಲೆ ಹಿಡಿತ ಸ್ವಲ್ಪ ಸಡಿಲ ಇತ್ತು ಅಂತಾನೂ ಆಗುತ್ತೆ. ನಿಮ್ಮದೇ ಉದಾಹರಣೆ ನೋಡಿ, ಎಕ್ಸೆಲ್ಲಲ್ಲಿ ಮುಳುಗಿದ್ದಾಗ ಮನೆಯವರ ದನಿ ಹೋಯ್ತು, ಆಫೀಸಲ್ಲಿ ನಾಲ್ಕು ಟೇಬಲ್ ಆಚೆಯದ್ದು ಬಂತು, ಎರಡೂ ಸಲ ನೀವು ಮಾಡ್ತಿದ್ದ ಕೆಲಸ ಒಂದೇ ಮಟ್ಟದ್ದಾ? ಜೊತೆಗೆ ಕೇಳಿಸದೇ ಹೋದ ಸಲಗಳ ಲೆಕ್ಕ ನಮ್ಮ ಹತ್ರ ಇರೋಕೇ ಸಾಧ್ಯ ಇಲ್ಲ, ಕೇಳಿಸಿದ್ದು ಮಾತ್ರ ನೆನಪಿರುತ್ತೆ.

ಕಣ್ಣಿಗೂ ಇದೇ ಕಥೆ. 1999ರ ಗೊರಿಲ್ಲಾ ವಿಡಿಯೋ ನಿಮಗೆ ಗೊತ್ತಿರ್ಬಹುದು, ಬಾಲ್ ಪಾಸ್ ಎಣಿಸಿ ಅಂತ ಹೇಳಿ ಮಧ್ಯೆ ಗೊರಿಲ್ಲಾ ವೇಷದವರು ನಡೆದು ಹೋಗೋದು, ಸುಮಾರು ಅರ್ಧದಷ್ಟು ಜನ ನೋಡೋದೇ ಇಲ್ಲ. ನಂಗೆ ಅದಕ್ಕಿಂತ 2013ರದ್ದು ಇಷ್ಟ. 24 ಜನ ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟು ಹುಡುಕಿ ಅಂದ್ರು, ಒಂದು ಸ್ಕ್ಯಾನಲ್ಲಿ ಆ ಗಂಟಿಗಿಂತ 48 ಪಟ್ಟು ದೊಡ್ಡದಾಗಿ ಗೊರಿಲ್ಲಾ ಚಿತ್ರ ಸೇರಿಸಿದ್ರು. 20 ಜನ ಮಿಸ್ ಮಾಡಿದ್ರು. ಕಣ್ಣಿನ ಚಲನೆ ರೆಕಾರ್ಡ್ ಮಾಡಿದ್ರಲ್ಲ, ಮಿಸ್ ಮಾಡಿದ ಹೆಚ್ಚಿನವರ ಕಣ್ಣು ನೇರ ಗೊರಿಲ್ಲಾ ಮೇಲೇ ಬಿದ್ದಿತ್ತು. ಇವರು ಸೋಮಾರಿಗಳಲ್ಲ, ಆ ಕೆಲಸದಲ್ಲಿ ಪಳಗಿದವರು, ಬಿಳಿ ಗಂಟು ಹುಡುಕೋದಕ್ಕೆ ಮೆದುಳು ಸೆಟ್ ಆಗಿತ್ತು, ಕಪ್ಪಗಿರೋ ಗೊರಿಲ್ಲಾ ಆ ಹುಡುಕಾಟದಲ್ಲಿ ಇರಲೇ ಇಲ್ಲ. ಬ್ಲೂಟೂತ್ ಹಾಕ್ಕೊಂಡು ಗಾಡಿ ಓಡ್ಸಿದ್ರೆ ಸೇಫ್ ಅನ್ನೋರಿಗೂ ಇದೇ ಉತ್ತರ, ಅಮೆರಿಕದ ಯೂಟಾದಲ್ಲಿ ಡೇವಿಡ್ ಸ್ಟ್ರೇಯರ್ 2001ರಲ್ಲೇ ತೋರಿಸಿದ್ರು, ಫೋನ್ ಕೈಯಲ್ಲಿ ಹಿಡಿದ್ರೂ ಹಿಡೀದೇ ಇದ್ರೂ ಮಾತಾಡೋವಾಗ ಸಿಗ್ನಲ್ ಮಿಸ್ ಆಗೋದು ಜಾಸ್ತಿ ಆಗುತ್ತೆ. ಕೈ ಖಾಲಿ ಇದ್ದೇನು ಬಂತು.

ಗಮನ ಮೆದುಳಲ್ಲಿ ಎಲ್ಲಿದೆ ಅಂದ್ರೆ, ಒಂದು ಜಾಗದಲ್ಲಿ ಇಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ತಾಳ್ಮೆ ಇರಲಿ. ಕಣ್ಣಿಂದ ಬಂದ ಸಿಗ್ನಲ್ ಮೆದುಳಿನ ಹಿಂಭಾಗದಲ್ಲಿ ಹಂತ ಹಂತವಾಗಿ ಹೋಗುತ್ತೆ, ಅದ್ರಲ್ಲಿ ಒಂದು ಹಂತಕ್ಕೆ ವಿ4 ಅಂತಾರೆ. ಅಲ್ಲಿನ ಒಂದೊಂದು ನರಕೋಶಕ್ಕೂ ಕಣ್ಣೆದುರಿನ ಒಂದೊಂದು ತುಂಡು ಜಾಗ ಹಂಚಿಕೆ ಆಗಿರುತ್ತೆ, ಆ ಜಾಗದಲ್ಲಿ ತನಗೆ ಹಿಡಿಸೋ ವಸ್ತು ಬಂದ್ರೆ ಜೋರಾಗಿ ಸಿಗ್ನಲ್ ಕೊಡುತ್ತೆ. ಮೋರನ್ ಮತ್ತೆ ಡೆಸಿಮೋನ್ ಅನ್ನೋ ಇಬ್ಬರು 1985ರಲ್ಲಿ ಕೋತಿಗೆ ತರಬೇತಿ ಕೊಟ್ಟು ಇಂಥಾ ಒಂದು ಕೋಶದ ಜಾಗದೊಳಗೆ ಎರಡು ಪಟ್ಟಿ ತೋರಿಸಿದ್ರು, ಉದಾಹರಣೆಗೆ ಒಂದು ಕೆಂಪು, ಆ ಕೋಶಕ್ಕೆ ಹಿಡಿಸೋದು, ಇನ್ನೊಂದು ಹಸಿರು, ಹಿಡಿಸದೇ ಇರೋದು. ಕೋತಿಯ ಕಣ್ಣು ಕದಲ್ಬಾರ್ದು, ಮನಸ್ಸಲ್ಲೇ ಯಾವ್ದೋ ಒಂದಕ್ಕೆ ಗಮನ ಕೊಡ್ಬೇಕು. ಕೆಂಪಿಗೆ ಗಮನ ಕೊಟ್ಟಾಗ ಕೋಶ ಜೋರು. ಹಸಿರಿಗೆ ಗಮನ ಕೊಟ್ಟಾಗ, ಕೆಂಪು ಅಲ್ಲೇ ಕಣ್ಣೆದುರೇ ಇದ್ರೂ, ಕೋಶ ತಣ್ಣಗೆ, ಕೆಂಪು ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನೋ ಥರ. ಅಕ್ಷಿಪಟಲದ ಮೇಲೆ ಬಿದ್ದ ಚಿತ್ರ ಎರಡೂ ಸಲ ಒಂದೇ ಅನ್ನೋದನ್ನ ಮರೀಬೇಡಿ. ಬದಲಾಗಿದ್ದು ಪ್ರಾಣಿ ಏನು ಬೇಕು ಅಂದ್ಕೊಂಡಿದೆ ಅನ್ನೋದು ಮಾತ್ರ, ಅಷ್ಟಕ್ಕೇ ಒಂದು ನರಕೋಶ ಎದುರಿಗಿರೋದನ್ನ ನೋಡೋದನ್ನೇ ಬಿಟ್ಟಿದೆ. ಈ ವಿಷ್ಯದಲ್ಲಿ ನಂಗೆ ಇವತ್ತಿಗೂ ಮೈ ಜುಂ ಅನ್ನಿಸೋ ಫಲಿತಾಂಶ ಇದು.

ಇದರಿಂದ ಹುಟ್ಟಿದ್ದು ಪೈಪೋಟಿ ಸಿದ್ಧಾಂತ, 1995ರಲ್ಲಿ ಡೆಸಿಮೋನ್ ಮತ್ತೆ ಜಾನ್ ಡಂಕನ್ ಬರೆದದ್ದು. ಕಣ್ಣೆದುರಿರೋ ಎಲ್ಲಾ ವಸ್ತುಗಳೂ ಒಳಗೆ ಒಂದರ ಜೊತೆ ಒಂದು ಕಿತ್ತಾಡ್ತಾನೇ ಇರ್ತವೆ, ಗಮನ ಅಂದ್ರೆ ಎಲ್ಲರೂ ಒಟ್ಟಿಗೆ ಕಿರುಚ್ತಿರೋ ಸಭೇಲಿ ಒಬ್ಬರ ಮೈಕ್ ಮಾತ್ರ ಜೋರು ಮಾಡೋದು, ಉಳಿದವರು ತಾವಾಗೇ ಅಡಗಿಹೋಗ್ತಾರೆ. ಆ ಮೈಕ್ ಜೋರು ಮಾಡೋರು ಯಾರು? ಮುಂಭಾಗದಲ್ಲಿ ಕಣ್ಣು ಎತ್ತ ಹೊರಳ್ಬೇಕು ಅಂತ ನಿರ್ಧರಿಸೋ ಒಂದು ಜಾಗ ಇದೆ, ನೆತ್ತಿಯ ಹಿಂದಿನ ಪೆರೈಟಲ್ ಭಾಗದಲ್ಲಿ ಇನ್ನೊಂದು, ಇವೆರಡೂ ಸೇರಿ ನಾವು ಬೇಕಂತ ಗಮನ ಕೊಡೋ ಕೆಲಸ ನಡೆಸ್ತವೆ. 2003ರಲ್ಲಿ ಕೋತಿಯ ಆ ಮುಂಭಾಗದ ಜಾಗಕ್ಕೆ ಕಣ್ಣು ಕದಲದಷ್ಟು ಸಣ್ಣ ಕರೆಂಟ್ ಕೊಟ್ರು, ಕಣ್ಣು ಹಾಗೇ ಇತ್ತು, ಆದ್ರೆ ಹಿಂದೆ ವಿ4ರಲ್ಲಿ ಅದಕ್ಕೆ ಹೊಂದೋ ಕೋಶಗಳ ಸಿಗ್ನಲ್ ಏರ್ತು. ಅಂದ್ರೆ ಕಣ್ಣು ತಿರುಗಿಸೋ ಯಂತ್ರ ಮತ್ತೆ ಗಮನ ತಿರುಗಿಸೋ ಯಂತ್ರ ಹತ್ರ ಹತ್ರ ಒಂದೇ. ಇದಲ್ಲದೆ ಇನ್ನೊಂದು ಜಾಲ ಇದೆ, ಹೆಚ್ಚಾಗಿ ಬಲಗಡೆ, ಅದರ ಕೆಲಸ ಅಡ್ಡಿಪಡಿಸೋದು: ನೀವು ಲೆಕ್ಕದಲ್ಲಿರೋವಾಗ ಅಡುಗೆಮನೇಲಿ ಪಾತ್ರೆ ಬಿದ್ರೆ ಮುಂದಿನ ಕೆಲಸ ಬಿಡಿಸಿ ಅತ್ತ ತಿರುಗಿಸುತ್ತೆ. ಬೆಂಗಳೂರಿನ ಐಐಎಸ್‌ಸಿಯ ನ್ಯೂರೋಸೈನ್ಸ್ ಸೆಂಟರಲ್ಲೂ ಈ ವಿಷ್ಯದ ಮೇಲೆ ಒಳ್ಳೆ ಕೆಲಸ ಆಗ್ತಿದೆ, ಅಲ್ಲಿನ ಶ್ರೀಧರನ್ ದೇವರಾಜನ್ ಅವರ ಲ್ಯಾಬ್ ತೋರಿಸಿದ್ದು ಏನಂದ್ರೆ, ಗಮನ ಕೊಟ್ಟ ಕಡೆ ಚೆನ್ನಾಗಿ ಕಾಣೋದು ಒಂದು, ಆ ಕಡೆಯಿಂದ ಬಂದ ಮಾಹಿತಿಗೇ ತೀರ್ಮಾನ ಮಾಡೋವಾಗ ಜಾಸ್ತಿ ತೂಕ ಕೊಡೋದು ಇನ್ನೊಂದು, ಇವೆರಡನ್ನೂ ಬೇರೆ ಬೇರೆಯಾಗಿ ಅಳೀಬಹುದು.

ಈ ಜಾಲ ಕೆಟ್ರೆ ಏನಾಗುತ್ತೆ ಅನ್ನೋದನ್ನ ಸ್ಟ್ರೋಕ್ ಆದವರಲ್ಲಿ ನೋಡ್ಬಹುದು. ಮೆದುಳಿನ ಬಲಗಡೆ ಪೆರೈಟಲ್ ಭಾಗದ ಸುತ್ತ ಪೆಟ್ಟಾದ ಕೆಲವರಿಗೆ ಎಡಗಡೆ ಪ್ರಪಂಚವೇ ಇರಲ್ಲ. ದೃಷ್ಟಿ ಹೋಗಿಲ್ಲ, ನೆನಪಿಡಿ. ತಟ್ಟೇಲಿ ಬಲಭಾಗದ ಅನ್ನ ಮಾತ್ರ ತಿಂದು ಸಾಕಾಗ್ಲಿಲ್ಲ ಅಂತಾರೆ, ತಟ್ಟೆ ತಿರುಗಿಸಿಟ್ರೆ ಉಳಿದದ್ದು ತಿಂತಾರೆ. ಗಡಿಯಾರ ಬರೀರಿ ಅಂದ್ರೆ ಚಕ್ರ ಸರಿಯಾಗೇ ಬರೀತಾರೆ, ಹನ್ನೆರಡೂ ಅಂಕಿನ ಬಲಗಡೆಗೇ ಒತ್ತೊತ್ತಾಗಿ ತುರುಕ್ತಾರೆ, ಇಲ್ಲಾ ಆರಕ್ಕೇ ನಿಲ್ಲಿಸ್ತಾರೆ, ಸರಿ ಇದೆಯಾ ಅಂತ ಕೇಳಿದ್ರೆ ಸರಿ ಇದೆ ಅಂತಾರೆ. 1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತೆ ಲುಜ್ಜಾಟಿ ಇನ್ನೂ ಮುಂದೆ ಹೋದ್ರು. ಇಂಥಾ ಇಬ್ಬರು ಮಿಲಾನ್ ರೋಗಿಗಳಿಗೆ, ನೀವು ಊರಿನ ದೊಡ್ಡ ಚರ್ಚಿನ ಎದುರಿನ ಚೌಕದ ಆಚೆ ತುದೀಲಿ ಚರ್ಚಿನ ಕಡೆ ಮುಖ ಮಾಡಿ ನಿಂತಿದ್ದೀರಿ, ಏನೇನು ಕಾಣುತ್ತೆ ಮನಸ್ಸಲ್ಲೇ ನೋಡಿ ಹೇಳಿ ಅಂದ್ರು. ಬಲಗಡೆ ಕಟ್ಟಡಗಳನ್ನ ಮಾತ್ರ ಹೇಳಿದ್ರು. ಈಗ ಚರ್ಚಿನ ಬಾಗಿಲಲ್ಲಿ ನಿಂತು ಚೌಕದ ಕಡೆ ನೋಡಿ ಅಂದ್ರೆ ಅಷ್ಟೊತ್ತು ಬಿಟ್ಟಿದ್ದ ಕಟ್ಟಡಗಳೆಲ್ಲಾ ಬಂದ್ವು, ಮೊದಲು ಹೇಳಿದ್ದು ಮಾಯ. ಊರಿನ ನೆನಪು ಪೂರ್ತಿ ಇದೆ, ಮನಸ್ಸಿನ ಚಿತ್ರದಲ್ಲೂ ಎಡಗಡೆಗೆ ಹೋಗೋಕಾಗ್ತಿಲ್ಲ.

ಮೀಟಿಂಗ್ ವಿಷ್ಯಕ್ಕೆ ಬರೋಣ. ಲೇವಿಯವರ ಲೆಕ್ಕದ ಇನ್ನೊಂದು ಮುಖ ಇಲ್ಲಿದೆ, ಕಷ್ಟದ ಕೆಲಸ ಗಮನನ ಪೂರ್ತಿ ನುಂಗುತ್ತೆ ಅಂತಾದ್ರೆ ಸಪ್ಪೆ ಕೆಲಸದಲ್ಲಿ ಮಿಕ್ಕಿರೋ ಗಮನ ಸುಮ್ನೆ ಕೂರಲ್ಲ, ಫ್ಯಾನ್ ಸದ್ದಿಗೋ ನಾಳೆಯ ಇಎಂಐಗೋ ಹೋಗುತ್ತೆ. 2010ರಲ್ಲಿ 2250 ಜನಕ್ಕೆ ಫೋನ್ ಆ್ಯಪಲ್ಲಿ ಆಗಾಗ, ಈಗ ಏನ್ ಮಾಡ್ತಿದೀರಿ, ಮನಸ್ಸು ಅದ್ರಲ್ಲೇ ಇದೆಯಾ ಅಂತ ಕೇಳಿದ್ರು, 46.9% ಸಲ ಮನಸ್ಸು ಬೇರೆ ಕಡೆ ಇತ್ತು. ನಿಮ್ಮೊಬ್ಬರ ಕಾಯಿಲೆ ಅಲ್ಲ ಸ್ವಾಮಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಆಪರೇಟರ್‌ಗಳು ಡ್ಯೂಟಿ ಮಧ್ಯೆ ಸಿಗ್ನಲ್ ಮಿಸ್ ಮಾಡ್ತಿದ್ರು ಅಂತ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿಸಿದ್ದ, ಮುಳ್ಳು ಟಿಕ್ ಟಿಕ್ ಅಂತ ಒಂದೊಂದೇ ಹೆಜ್ಜೆ ಹೋಗುತ್ತೆ, ಯಾವಾಗ್ಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತೆ, ಅದನ್ನ ಹಿಡೀಬೇಕು. ಮೊದಲ ಅರ್ಧ ಗಂಟೆಗೇ ಹಿಡಿಯೋದು ಕಮ್ಮಿ ಆಯ್ತು. ಮೆದುಳಿನ ಕಾಂಡದಲ್ಲಿ ಲೋಕಸ್ ಸೆರುಲಿಯಸ್ ಅಂತ ಒಂದು ಚಿಕ್ಕ ಗಂಟು ಇದೆ, ಅದು ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕನ ಮೆದುಳಿನ ಹೆಚ್ಚುಕಮ್ಮಿ ಎಲ್ಲಾ ಕಡೆಗೂ ಹಂಚುತ್ತೆ, ಅದರ ಮಟ್ಟ ತೀರಾ ಕಮ್ಮಿ ಆದ್ರೆ ತೂಕಡಿಕೆ, ತೀರಾ ಜಾಸ್ತಿ ಆದ್ರೆ ಗಾಬರಿ, ಸಣ್ಣ ಸದ್ದಿಗೂ ತಿರುಗೋದು, ಮಧ್ಯದಲ್ಲಿದ್ದಾಗ ಮಾತ್ರ ಕೆಲಸ ಸಾಗೋದು. ಎಸಿ ರೂಮು, ಊಟ ಆದ್ಮೇಲೆ, ನಲವತ್ತು ಸ್ಲೈಡು, ಇದ್ರಲ್ಲಿ ಅದು ಎಲ್ಲಿರುತ್ತೆ ಅಂತ ನೀವೇ ಹೇಳಿ. ಒಂದು ಉಪಾಯ: ಪೆನ್ ಹಿಡ್ಕೊಂಡು ಹಾಳೆಯ ಅಂಚಲ್ಲಿ ಚೌಕ, ಗುಂಡು ತುಂಬ್ತಾ ಕೂತ್ಕೊಳ್ಳಿ. 2009ರಲ್ಲಿ ಇಂಗ್ಲೆಂಡಿನ ಜಾಕಿ ಆಂಡ್ರೇಡ್ 40 ಜನಕ್ಕೆ ಒಂದು ಬೋರಿಂಗ್ ಫೋನ್ ಸಂದೇಶ ಕೇಳಿಸಿದಾಗ ಹೀಗೆ ಗೀಚ್ತಾ ಕೇಳಿದವರಿಗೆ 29% ಜಾಸ್ತಿ ನೆನಪಿತ್ತು. ಒಂದೇ ಸಣ್ಣ ಪ್ರಯೋಗ, ತಲೆ ಮೇಲೆ ಹೊತ್ಕೋಬೇಡಿ, ಆದ್ರೆ ಖರ್ಚಿಲ್ಲದ ಉಪಾಯ.

ಇನ್ನು ಅಷ್ಟಾವಧಾನ. ನೀವು ನೋಡಿದ್ದನ್ನ ಮತ್ತೆ ನೆನಪು ಮಾಡ್ಕೊಳ್ಳಿ, ಪ್ರಶ್ನೆ ಹಾಕೋ ಎಂಟು ಜನ ಪೃಚ್ಛಕರು ಕೂತಿರ್ತಾರೆ. ಒಬ್ಬರು ಪ್ರತಿ ಅಕ್ಷರಕ್ಕೂ ಇದನ್ನ ಬಳಸ್ಬೇಡಿ ಅಂತ ಅಡ್ಡ ಹಾಕೋ ನಿಷೇಧಾಕ್ಷರಿ, ಒಬ್ಬರು ಸಮಸ್ಯೆಯ ಸಾಲು ಕೊಡ್ತಾರೆ, ಒಬ್ಬರು ಪದಗಳನ್ನ ಕೊಟ್ಟು ಅವನ್ನ ಪದ್ಯದಲ್ಲಿ ಸೇರಿಸಿ ಅನ್ನೋ ದತ್ತಪದಿ, ಸಂಖ್ಯಾಬಂಧದವರು ಎತ್ತ ಕೂಡಿದ್ರೂ ಒಂದೇ ಮೊತ್ತ ಬರೋ ಮಾಯಾಚೌಕದ ಒಂದೊಂದು ಮನೆಯ ಅಂಕಿ ಕೇಳ್ತಾರೆ, ಅಪ್ರಸ್ತುತ ಪ್ರಸಂಗಿ ಮಧ್ಯೆ ಮಧ್ಯೆ ತಲೆ ಕೆಡಿಸೋಕೆ ಅಂತಲೇ ಕೂತಿರ್ತಾರೆ. ಆದ್ರೆ ಗಮನಿಸಿ, ಅವಧಾನಿಗಳು ಯಾವ ಕ್ಷಣದಲ್ಲೂ ಎಂಟು ಪದ್ಯ ಒಟ್ಟಿಗೆ ಕಟ್ತಿಲ್ಲ. ಒಂದು ಸುತ್ತಿಗೆ ಪದ್ಯ ಕೇಳಿದ ಒಬ್ಬೊಬ್ಬರಿಗೆ ಒಂದೊಂದು ಪಾದ, ಅಂದ್ರೆ ಪದ್ಯದ ಒಂದು ಸಾಲು, ಹೀಗೆ ನಾಲ್ಕು ಸುತ್ತು, ಕೊನೇಲಿ ಧಾರಣ, ಎಲ್ಲಾ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸೋದು. ಅಂದ್ರೆ ಇದು ಗಮನನ ಎಂಟು ತುಂಡು ಮಾಡೋ ವಿದ್ಯೆ ಅಲ್ಲ, ಗಮನನ ಒಂದರಿಂದ ಪೂರ್ತಿ ಎತ್ತಿ ಇನ್ನೊಂದರ ಮೇಲೆ ಪೂರ್ತಿ ಇಡೋ ವಿದ್ಯೆ, ಬಿಟ್ಟದ್ದನ್ನ ಬಿಟ್ಟ ಜಾಗದಲ್ಲೇ ಮತ್ತೆ ಹಿಡಿಯೋ ವಿದ್ಯೆ. ಸಾಮಾನ್ಯರ ತಲೇಲಿ ಒಂದೇ ಹೊತ್ತಿಗೆ ನಿಲ್ಲೋದು ಸುಮಾರು ನಾಲ್ಕು ವಿಷ್ಯ ಅಂತ ನೆಲ್ಸನ್ ಕೋವನ್ 2001ರಲ್ಲಿ ವಾದ ಮಾಡಿದ್ರು, ಆದ್ರೆ ಒಂದು ವಿಷ್ಯ ಅಂದ್ರೆ ಎಷ್ಟು ದೊಡ್ಡದು ಅನ್ನೋದು ಅಭ್ಯಾಸದ ಮೇಲಿದೆ. ಛಂದಸ್ಸು ರಕ್ತದಲ್ಲಿ ಸೇರಿಹೋದವರಿಗೆ ಒಂದು ಪಾದ ಒಂದೇ ಗಂಟು, ನಮಗೆ ಅದು ಇಪ್ಪತ್ತು ಅಕ್ಷರ. ಎರಿಕ್‌ಸನ್ ಮತ್ತೆ ಕಿಂಟ್ಶ್ 1995ರಲ್ಲಿ ಪರಿಣತರು ದೀರ್ಘಕಾಲದ ನೆನಪನ್ನೇ ಕೆಲಸದ ಮೇಜಿನಂತೆ ಬಳಸೋದನ್ನ ವಿವರಿಸಿದ್ದಾರೆ, ಕನ್ನಡದಲ್ಲಿ ಈ ಕಲೆಗೆ ಮತ್ತೆ ಜೀವ ತುಂಬಿದ ಶತಾವಧಾನಿ ಆರ್. ಗಣೇಶ್ ಅವರಂಥವರನ್ನ ನೋಡಿದಾಗೆಲ್ಲಾ ನಂಗೆ ಅದೇ ನೆನಪಾಗೋದು. ಹುಟ್ಟಿನಿಂದ ಬಂದ ಬೇರೆ ಮೆದುಳು ಬೇಕಾಗಿಲ್ಲ, ಆದ್ರೆ ಅಷ್ಟು ವರ್ಷದ ಓದು, ಅಭ್ಯಾಸ ಬೇಕು, ಮತ್ತೆ ಅದು ಬರೋದು ಆ ಕ್ಷೇತ್ರಕ್ಕೆ ಮಾತ್ರ, ಅವಧಾನ ಕಲಿತವರಿಗೆ ಜಿಎಸ್‌ಟಿ ರಿಟರ್ನೂ ಎಂಟು ಒಟ್ಟಿಗೆ ಮಾಡೋಕೆ ಬರುತ್ತೆ ಅಂತಿಲ್ಲ.

ನಮ್ಮ ನಿಮ್ಮಂಥವರಿಗೆ ಕೆಲಸ ಬದಲಾಯಿಸಿದಾಗಲೆಲ್ಲಾ ಸುಂಕ ಕಟ್ಲೇಬೇಕು. ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದು, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತೆ, ಎರಡನೇದು ಕೆಡುತ್ತೆ. ಆಮೇಲೆ ಅವರೇ ಒಂದು ಮದ್ದೂ ಕೊಟ್ರು, ಏಳೋ ಮುಂಚೆ ಎಲ್ಲಿಗೆ ಬಂದಿದ್ದೆ, ವಾಪಸ್ ಬಂದ್ಮೇಲೆ ಮೊದಲು ಏನ್ ಮಾಡ್ಬೇಕು ಅಂತ ಒಂದೆರಡು ಸಾಲು ಬರೆದಿಟ್ರೆ ಅಂಟು ಕಮ್ಮಿ ಆಗುತ್ತೆ. ನಿಮ್ಮ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು: "ಸಿ ಕಾಲಂ, 214ನೇ ಸಾಲು, ಬ್ಯಾಂಕ್ ಎಂಟ್ರಿ ಟ್ಯಾಲಿ ಆಗಿಲ್ಲ" ಅಂತ ಚೀಟಿ ಅಂಟಿಸಿ ಎದ್ದು ಹೋಗಿ, ಆಮೇಲೆ ಮನೆಯವರ ಮಾತು ಕಿವಿಗೂ ಬೀಳುತ್ತೆ. ಮನೆಯವರಿಗೂ ಹೇಳಿ, ಹಿಂದಿನಿಂದ ಕೂಗೋ ಬದಲು ಭುಜ ಮುಟ್ಟಿ ಕರೀಲಿ ಅಂತ.

ಮೊಬೈಲ್ ಬಗ್ಗೆ ಜನ ಹೇಳೋದ್ರಲ್ಲಿ ಅರ್ಧ ಗಾಳಿಸುದ್ದಿ. ಮನುಷ್ಯರ ಗಮನ 8 ಸೆಕೆಂಡಿಗೆ ಇಳಿದಿದೆ, ಗೋಲ್ಡ್ ಫಿಶ್‌ಗಿಂತ ಕಮ್ಮಿ ಅನ್ನೋದು 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾದ ಒಂದು ಮಾರ್ಕೆಟಿಂಗ್ ವರದಿಯಿಂದ ಊರೂರು ಸುತ್ತಿದ ಮಾತು, ಅದರ ಹಿಂದೆ ಯಾವ ಪ್ರಯೋಗವೂ ಇಲ್ಲ. ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಆಫೀಸ್ ಜನರನ್ನ ಅಳೆದದ್ದು ಮಾತ್ರ ನಿಜದ ಲೆಕ್ಕ, 2004ರ ಹೊತ್ತಿಗೆ ಒಂದು ಸ್ಕ್ರೀನ್ ಮೇಲೆ ಸರಾಸರಿ ಎರಡೂವರೆ ನಿಮಿಷ ಇರ್ತಿದ್ದವರು ಈಚಿನ ವರ್ಷಗಳಲ್ಲಿ 47 ಸೆಕೆಂಡಿಗೆ ಬಂದಿದ್ದಾರೆ. ಇದು ಅಭ್ಯಾಸದ ಲೆಕ್ಕ, ಸಾಮರ್ಥ್ಯ ಸತ್ತಿದೆ ಅಂತ ಇದ್ರಿಂದ ಹೇಳೋಕಾಗಲ್ಲ, 47 ಸೆಕೆಂಡಿನ ಅದೇ ಜನ ಕ್ರಿಕೆಟ್ ಮ್ಯಾಚ್ ಮೂರೂವರೆ ಗಂಟೆ ನೋಡ್ತಾರೆ. 2015ರ ಇನ್ನೊಂದು ಪ್ರಯೋಗದಲ್ಲಿ ಫೋನ್ ಮುಟ್ಟದೇ ಇದ್ರೂ, ಬರೀ ನೋಟಿಫಿಕೇಶನ್ ಸದ್ದು ಬಂದ್ರೇನೇ ಮಾಡ್ತಿದ್ದ ಕೆಲಸದಲ್ಲಿ ತಪ್ಪು ಜಾಸ್ತಿ ಆಯ್ತು. ಹಾಗಾಗಿ ಲೆಕ್ಕ ಕೂಡಿಸೋ ಹೊತ್ತಲ್ಲಿ ಸೈಲೆಂಟ್, ವೈಬ್ರೇಟ್ ಕೂಡ ಬೇಡ.

ನಿಮ್ಮ ಕಾಗದ ಓದಿದ್ರೆ ಎಕ್ಸೆಲ್ಲಲ್ಲಿ ಪೂರ್ತಿ ಮುಳುಗ್ತೀರಿ ಅಂತ ಗೊತ್ತಾಗುತ್ತೆ, ಅಷ್ಟರಿಂದಲೇ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದೇ ಇರೋ, ಚಡಪಡಿಸೋ ತೊಂದರೆ, ಇದೆ ಅಂತಾಗಲೀ ಇಲ್ಲ ಅಂತಾಗಲೀ ಹೇಳೋಕೆ ಬರಲ್ಲ, ಅದಿರೋರೂ ಇಷ್ಟದ ಕೆಲಸದಲ್ಲಿ ಮುಳುಗ್ತಾರೆ. ಅದಕ್ಕೆ ಡಾಕ್ಟರು ನೋಡೋದು ಬೇರೆ: 12 ವರ್ಷಕ್ಕೆ ಮುಂಚಿನಿಂದ್ಲೂ ಹೀಗೇ ಇತ್ತಾ, ಮನೆ, ಆಫೀಸು ಹೀಗೆ ಒಂದಕ್ಕಿಂತ ಜಾಸ್ತಿ ಕಡೆ ತೊಂದರೆ ಆಗ್ತಿದೆಯಾ, ಕೆಲಸ, ಸಂಬಂಧಕ್ಕೆ ನಿಜವಾಗ್ಲೂ ಏಟು ಬಿದ್ದಿದೆಯಾ. ಹೌದು ಅನ್ಸಿದ್ರೆ ಆನ್‌ಲೈನ್ ಟೆಸ್ಟ್ ಬಿಟ್ಟು ಒಬ್ಬ ಸೈಕಿಯಾಟ್ರಿಸ್ಟ್ ನೋಡಿ, ಹೋಗೋವಾಗ ಸ್ಕೂಲಿನ ಹಳೇ ಪ್ರೋಗ್ರೆಸ್ ಕಾರ್ಡ್ ಸಿಕ್ಕಿದ್ರೆ ತಗೊಂಡೋಗಿ, ಟೀಚರ್ ಬರೆದ ರಿಮಾರ್ಕ್ಸ್ ಅವರಿಗೆ ತುಂಬಾ ಉಪಯೋಗಕ್ಕೆ ಬರುತ್ತೆ. ಈಚೆಗಷ್ಟೇ ಶುರು ಆಗಿದ್ರೆ ಮೊದಲು ನಿದ್ದೆ ಎಷ್ಟು ಗಂಟೆ ಮಾಡ್ತಿದೀರಿ ಅಂತ ನೋಡ್ಕೊಳ್ಳಿ.